ಏಳನೆಯ ಭಾಗದ ಪರವಾಗಿ ಹತ್ತು ನಿಮಿಷ

“ಏಳನೇದು ಅಷ್ಟೇನೂ ಕೆಟ್ಟದಾಗಿಲ್ಲ ಬಿಡಿ” ಎಂದು ಸ್ಪ್ಯಾನರ್ ಹೇಳಿದ ಭಾನುವಾರವೇ ನನಗೆ ಖಾತ್ರಿಯಾಯಿತು, ನನ್ನ ಗ್ರಹಚಾರ ನೆಟ್ಟಗಿಲ್ಲ ಎಂದು.

ಹೊರಗಿನವರಿಗೆ ಈ ಮಾತಿನ ತೂಕ ಗೊತ್ತಾಗುವುದಿಲ್ಲ, ಬಿಡಿಸಿ ಹೇಳುತ್ತೇನೆ. ‘ದೂರತೀರ’ ಎಂಬ ಬಾಹ್ಯಾಕಾಶದ ಸಿನಿಮಾ ಸರಣಿ ಮೂವತ್ತೊಂದು ವರ್ಷಗಳಿಂದ ಬರುತ್ತಲೇ ಇದೆ. ಇಲ್ಲಿಯವರೆಗೆ ಹನ್ನೆರಡು ಭಾಗ. ಮೊದಲ ನಾಲ್ಕು ಅಪ್ಪಟ ಚಿನ್ನ, ಆಮೇಲಿನದೆಲ್ಲ ಹಳೇ ಹೆಸರು ಹೇಳಿಕೊಂಡು ಹೊಟ್ಟೆ ಹೊರೆದದ್ದು. ಇದು ನನ್ನ ಪಕ್ಷ. ಹನ್ನೆರಡನ್ನೂ ಎತ್ತಿ ಮುದ್ದಾಡುವವರದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಡ್ರೈ ಕ್ಲೀನಿಂಗ್ ಅಂಗಡಿಯ ಮಹಡಿಯಲ್ಲಿ ಸೇರಿ ಗಂಟಲು ಹರಿಯುವ ತನಕ ಜಗಳವಾಡುತ್ತವೆ. ಕೆಳಗಿನಿಂದ ಇಸ್ತ್ರಿಯ ಹಬೆ ಮೆಟ್ಟಿಲು ಹತ್ತಿ ಬರುತ್ತಿರುತ್ತದೆ. ಕೂಟದ ಹಿರಿಯರು ಕ್ಯಾಪ್ಟನ್. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಅಂಗಡಿ ಅವರ ಮಗಳದು.

ನಾನು ಕನ್ನಡಕದಂಗಡಿಯಲ್ಲಿ ಲೆನ್ಸ್ ಕತ್ತರಿಸಿ ಫ್ರೇಮಿಗೆ ಕೂರಿಸುವವಳು. ಐದನೆಯದರಿಂದಾಚೆ ಯಾವ ಭಾಗಕ್ಕೂ ಹತ್ತಕ್ಕೆ ಎರಡಕ್ಕಿಂತ ಹೆಚ್ಚು ಅಂಕ ಕೊಟ್ಟವಳಲ್ಲ. ಆದ್ದರಿಂದ ಕೂಟದಲ್ಲಿ ನನಗೆ ‘ಮೈನಸ್’ ಎಂದು ಹೆಸರು. ಸ್ಪ್ಯಾನರ್ ಎಂಬುದೂ ಹಾಗೇ ಬಿದ್ದ ಹೆಸರು, ಅವನು ಲಿಫ್ಟ್ ಮೆಕ್ಯಾನಿಕ್. ಮೂರು ವರ್ಷಗಳಿಂದ ನನ್ನ ಪಕ್ಷ, ನನ್ನ ಪಕ್ಕದ ಕುರ್ಚಿ.

ಪ್ರೀತಿ ಗೀತಿ ಎಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಅವನು ಟೀ ತಂದುಕೊಡುವಾಗ ಕೈಯನ್ನು ಎರಡೆರಡು ಸಲ ಒರೆಸಿಕೊಳ್ಳುತ್ತಿದ್ದ. ಬಿಸಿಯನ್ನೆಲ್ಲ ತಾನು ಹಿಡಿದು, ಕಪ್ಪಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಡುತ್ತಿದ್ದ. ನಾನು ಏಳನೆಯ ಭಾಗವನ್ನು ಹಿಗ್ಗಾಮುಗ್ಗಾ ಜಾಡಿಸುವಾಗ ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದ, ಕಿವಿಯ ತುದಿ ಕೆಂಪಾಗುತ್ತಿತ್ತು. ನನ್ನ ಮಾತಿನ ಸೊಗಸಿಗೆ ಮರುಳಾಗಿದ್ದಾನೆ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಎಂಥ ಹುಚ್ಚು!

ಹಾಗಿರುವಾಗ ಬಂದಳು ಹಲ್ಲಿನ ಡಾಕ್ಟರ್.

ನಮ್ಮ ಕನ್ನಡಕದಂಗಡಿ ಇರುವ ಕಟ್ಟಡದಲ್ಲೇ ಮೂರನೆಯ ಮಹಡಿಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದವಳು. ನಕ್ಕರೆ ಮೂವತ್ತೆರಡೂ ಕಾಣುವ ಹಾಗೆ ನಗುತ್ತಾಳೆ, ತನ್ನ ಕಸುಬಿಗೆ ತಾನೇ ಬೋರ್ಡು. ಮೊದಲ ದಿನವೇ ಎದ್ದು ನಿಂತು, “ನನಗೆ ಹನ್ನೆರಡರಲ್ಲಿ ತುಂಬಾ ಇಷ್ಟ ಏಳನೇದು” ಎಂದಳು.

ಎಲ್ಲರೂ ಅವಳತ್ತ ತಿರುಗಿದರು. ಹನ್ನೆರಡನ್ನೂ ಮುದ್ದಾಡುವವರು ಕೂಡ ಏಳನೆಯದನ್ನು ಮುದ್ದಾಡುವಾಗ ಮೂಗು ಹಿಡಿದುಕೊಳ್ಳುತ್ತಾರೆ.

“ಅಲ್ಲಮ್ಮಾ,” ಎಂದೆ ನಾನು, “ಎಂಟು ನೂರು ಜನ ಇರೋ ಹಡಗು. ಮುಂದೆ ಹೋಗೋಕಷ್ಟೇ ಇಂಧನ ಇದೆ ಅಂತ ಅವರೇ ಮೂರು ಸಲ ಹೇಳ್ತಾರೆ. ಆಮೇಲೆ ಚಂದ್ರನ ಮೇಲೆ ಬಿಟ್ಟು ಬಂದ ಒಬ್ಬ ಮುದುಕ ಮೆಕ್ಯಾನಿಕ್‌ಗೋಸ್ಕರ ಹಡಗು ಹಿಂದಕ್ಕೆ ತಿರುಗುತ್ತೆ. ಹೇಗೆ? ಎಲ್ಲಿಂದ ಬಂತು ಇಂಧನ? ಬಕೆಟ್‌ನಲ್ಲಿ ತಂದು ಸುರಿದ್ರಾ?”

ಎಲ್ಲರೂ ನಕ್ಕರು. ನಾನು ಪಕ್ಕಕ್ಕೆ ತಿರುಗಿದೆ. ಸ್ಪ್ಯಾನರ್ ನಗುತ್ತಿರಲಿಲ್ಲ. ಡಾಕ್ಟರನ್ನೇ ನೋಡುತ್ತಿದ್ದ, ಕಣ್ಣು ಕೀಲಿಸಿದ ಹಾಗೆ. ಮುಂದಿನ ಭಾನುವಾರ ಆ ಮಾತು ಅವನ ಬಾಯಿಂದ ಬಂತು. “ಏಳನೇದು ಅಷ್ಟೇನೂ ಕೆಟ್ಟದಾಗಿಲ್ಲ ಬಿಡಿ.” ಆ ಕಡೆಯಿಂದ ಡಾಕ್ಟರ್ ಅವನಿಗೆ ಹುಬ್ಬು ಹಾರಿಸಿದಳು. ನಾನು ಕಂಡೆ.

ಅಲ್ಲಿಂದ ನನ್ನ ಹೊಟ್ಟೆಯೊಳಗೆ ಒಲೆ ಹತ್ತಿತು.

ನಮ್ಮಂಗಡಿ ನೆಲಮಹಡಿಯಲ್ಲಿದೆ, ಲಿಫ್ಟಿಗೆ ಎದುರಾಗಿ. ಮೂರು ಗುರುವಾರ ಮಧ್ಯಾಹ್ನ ಸ್ಪ್ಯಾನರ್ ಬಂದ. ಲಿಫ್ಟ್ ಸರಿಯಾಗಿತ್ತು, ಅವನ ಕೈಯಲ್ಲಿ ಟೂಲ್ ಬ್ಯಾಗ್ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ! ಮೂರನೇ ಮಹಡಿಯ ಗುಂಡಿ ಒತ್ತಿದ್ದನ್ನು ಗಾಜಿನಾಚೆಯಿಂದ ನೋಡುತ್ತಾ ಒಬ್ಬರ ಲೆನ್ಸನ್ನು ಫ್ರೇಮಿಗಿಂತ ಚಿಕ್ಕದಾಗಿ ಕತ್ತರಿಸಿಬಿಟ್ಟೆ. ಆರು ವರ್ಷದ ಕೆಲಸದಲ್ಲಿ ಮೊದಲ ತಪ್ಪು.

ಮೂರನೆಯ ಗುರುವಾರ ಅವನು ಇಳಿದು ಬಂದಾಗ ಬಾಗಿಲಲ್ಲೇ ತಡೆದೆ.

“ಲಿಫ್ಟ್ ಕೆಟ್ಟಿದೆಯಾ?”

“ಇಲ್ಲ ಮೈನಸ್ ಅವರೇ. ಸ್ವಲ್ಪ... ಕೆಲಸ ಇತ್ತು.”

ಹೇಳುವಾಗ ತುಟಿಯ ಒಂದೇ ಪಕ್ಕದಲ್ಲಿ ನಕ್ಕ. ಮೂರು ವರ್ಷದಲ್ಲಿ ಅಂಥ ಓರೆ ನಗುವನ್ನು ನನ್ನತ್ತ ಒಮ್ಮೆಯೂ ಎಸೆದಿರಲಿಲ್ಲ. ಯಾರಿಂದ ಕಲಿತ?

ಮನೆಯಲ್ಲಿ ಅತ್ತಿಗೆ ನನ್ನ ಮುಖ ನೋಡಿಯೇ ಕಂಡುಹಿಡಿದಳು. “ಯಾರ ಮೇಲೆ ಈ ಸಿಟ್ಟು? ಆ ಸಿನಿಮಾದ ಮೇಲಾ, ಆ ಹುಡುಗನ ಮೇಲಾ?”

“ಸಿನಿಮಾದ ಮೇಲೆ.”

“ಹೌದಾ? ಸಿನಿಮಾಗೆ ಯಾರಾದ್ರೂ ಹೀಗೆ ಊಟ ಬಿಡ್ತಾರೇನೇ?”

ಭಾನುವಾರ ನನ್ನ ಪಕ್ಕದ ಕುರ್ಚಿ ಖಾಲಿ. ಅವನು ಡಾಕ್ಟರ್ ಪಕ್ಕದಲ್ಲಿ ಕೂತಿದ್ದ. ಅವಳೇನೋ ಪಿಸುಗುಟ್ಟಿದಳು, ಅವನು ಕೆನ್ನೆ ಮುಟ್ಟಿಕೊಂಡು ನಾಚಿದ. ಅಂದಿನ ವಿಷಯ ಐದರಿಂದ ಎಂಟರವರೆಗಿನ ಭಾಗಗಳ ಹಿನ್ನೆಲೆ ಸಂಗೀತ. ನನ್ನ ಸರದಿ ಬಂತು. ಎದ್ದೆ. ಸಂಗೀತ ಯಾವ ಮೂಲೆಗೆ ಹೋಯಿತೋ ನನಗೇ ಗೊತ್ತಿಲ್ಲ.

“ಸಿನಿಮಾ ಕೆಟ್ಟರೆ ಪರವಾಗಿಲ್ಲ,” ಎಂದೆ, “ಮನುಷ್ಯರು ಕೆಡಬಾರದು. ಕೆಲವರಿಗೆ ಸ್ವಂತ ಅಭಿಪ್ರಾಯ ಅನ್ನೋದೇ ಇಲ್ಲ. ಯಾರ ಪಕ್ಕ ಕೂರ್ತಾರೋ ಅವರ ಹಾಡು ಹಾಡ್ತಾರೆ. ಹಲ್ಲು ತೋರಿಸಿದ್ರೆ ಸಾಕು, ಬಾಲ ಅಲ್ಲಾಡಿಸ್ಕೊಂಡು ಹೋಗ್ತಾರೆ!”

ಯಾರೂ ನಗಲಿಲ್ಲ. ಸ್ಪ್ಯಾನರ್ ನನ್ನನ್ನು ನೋಡಿದ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡವನ ಹಾಗೆ ಬರೀ ನೋಡಿದ. ಆಮೇಲೆ ಎದ್ದು ಮೆಟ್ಟಿಲಿಳಿದು ಹೋಗಿಬಿಟ್ಟ.

ಕ್ಯಾಪ್ಟನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೈನಸ್, ಕೂಟದ ನಿಯಮ ನಿಮಗೆ ಗೊತ್ತು. ಸಿನಿಮಾನ ಏನು ಬೇಕಾದ್ರೂ ಬೈಬಹುದು, ಮನುಷ್ಯರನ್ನ ಬೈಯೋ ಹಾಗಿಲ್ಲ. ಬೈದವರು ಮುಂದಿನ ವಾರ ತಮಗೆ ಅತಿ ಅಸಹ್ಯವಾದ ಭಾಗದ ಪರವಾಗಿ ಹತ್ತು ನಿಮಿಷ ಮಾತಾಡಬೇಕು. ಸುಳ್ಳು ಹೊಗಳಿಕೆ ನಡೆಯೋಲ್ಲ. ಬೈಸಿಕೊಂಡವರು ಎದುರಿಗೆ ಕೂತು ಕೇಳಬೇಕು, ಅವರು ಒಪ್ಪದಿದ್ರೆ ನೀವು ಒಂದು ವರ್ಷ ಹೊರಗೆ.”

“ಅವರು ಬರದಿದ್ರೆ?”

“ಅದಕ್ಕೆ ನಿಯಮ ಇಲ್ಲಮ್ಮ,” ಎಂದರು ಕ್ಯಾಪ್ಟನ್.

ಒಂದು ವರ್ಷ ಹೊರಗಿರುವುದು ದೊಡ್ಡದಲ್ಲ. ಅವನು ಬರದಿದ್ದರೆ? ಸಂಜೆ ಕೂಟದ ವಾಟ್ಸ್ಯಾಪ್ ಗುಂಪಿನಿಂದ ಅವನು ಹೊರಬಿದ್ದಿದ್ದ.

ಮಂಗಳವಾರ ಹಲ್ಲಿನ ಡಾಕ್ಟರೇ ಅಂಗಡಿಗೆ ಬಂದಳು. ಕನ್ನಡಕದ ಸ್ಕ್ರೂ ಸಡಿಲವಂತೆ. ನಾನು ತುಟಿ ಬಿಗಿದು ಸ್ಕ್ರೂ ತಿರುವತೊಡಗಿದೆ.

“ನಿಮಗೆ ಅವರು ಹೇಳೇ ಇಲ್ವಾ?” ಎಂದಳು.

“ಏನಂತ?”

“ರೂಟ್ ಕೆನಾಲ್. ಮೂರು ಸಿಟ್ಟಿಂಗ್. ಲಿಫ್ಟಿನ ಬಾವಿಯೊಳಗೆ ಹಗ್ಗ ಹಿಡ್ಕೊಂಡು ನೇತಾಡೋ ಮನುಷ್ಯ, ಸೂಜಿ ಕಂಡ್ರೆ ನಡುಗ್ತಾರೆ. ಯಾರಿಗೂ ಹೇಳ್ಬೇಡಿ ಅಂದಿದ್ರು.”

ಸ್ಕ್ರೂ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಓರೆ ನಗು! ಅರ್ಧ ಬಾಯಿ ಮರಗಟ್ಟಿದ್ದ ನಗು ಅದು. ನೆಲ ಬಿರಿದು ನನ್ನನ್ನು ನುಂಗಬಾರದೆ?

“ಸರಿ,” ಎಂದೆ, ಸೋಲಲು ಮನಸ್ಸಿಲ್ಲದೆ. “ಹಲ್ಲು ನೋವಿಗೆ ಏಳನೇ ಭಾಗ ಇಷ್ಟ ಆಗಿಬಿಡುತ್ತಾ?”

ಅವಳು ನಕ್ಕಳು. “ಚೇರಿನ ಮೇಲೆ ಸೀಲಿಂಗಿಗೆ ಟಿವಿ ಹಾಕ್ಸಿದೀನಿ, ಪೇಶೆಂಟ್‌ಗಳಿಗೆ ಭಯ ಮರೀಲಿ ಅಂತ. ಅವರ ಮೊದಲ ಸಿಟ್ಟಿಂಗಿಗೆ ಏಳನೇದು ಹಾಕಿದ್ದೆ. ಬಾಯಿ ತೆರೆದುಕೊಂಡೇ ಪ್ರತಿ ಡೈಲಾಗೂ ಹೇಳ್ತಿದ್ರು, ನನಗೆ ಡ್ರಿಲ್ ಹಿಡಿಯೋಕೇ ಆಗ್ಲಿಲ್ಲ. ಆಮೇಲೆ ಕಣ್ಣಲ್ಲಿ ನೀರು. ನೋವಾಯ್ತಾ ಅಂದೆ. ಅವರಪ್ಪನೂ ಲಿಫ್ಟ್ ಮೆಕ್ಯಾನಿಕ್ ಅಂತೆ. ಇವರು ಹುಡುಗ ಆಗಿದ್ದಾಗ ಆ ಸಿನಿಮಾ ತೋರಿಸಿ, ‘ನಮ್ಮಂಥೋನಿಗೋಸ್ಕರ ಇಷ್ಟು ದೊಡ್ಡ ಹಡಗು ತಿರುಗಿಸಿದ್ರು ನೋಡೋ’ ಅಂದ್ರಂತೆ. ಅಪ್ಪ ಹೋದ್ಮೇಲೆ ಪ್ರತಿ ವರ್ಷ ಒಂದ್ಸಲ ನೋಡ್ತಾರಂತೆ.”

“ಮತ್ತೆ ಮೂರು ವರ್ಷ ನಮ್ಮ ಪಕ್ಷದಲ್ಲಿ ಯಾಕಿದ್ರು?”

“ಅದನ್ನ ನನ್ನ ಕೇಳ್ತೀರಾ? ಅವರು ಸೇರಿದ ದಿನ ನೀವೇ ಅಂದ್ರಂತಲ್ಲ, ಏಳನೇದು ಇಷ್ಟ ಅನ್ನೋರು ನನ್ನ ಪಕ್ಕ ಕೂರಬೇಡಿ ಅಂತ. ಬೇರೆ ಕುರ್ಚಿ ಇರಲಿಲ್ವಾ ಅಂದೆ. ಇದ್ವು ಅಂದ್ರು.”

ನಾನು ಬಗ್ಗಿ ಸ್ಕ್ರೂ ಹುಡುಕುವ ನೆಪದಲ್ಲಿ ಮೇಜಿನ ಕೆಳಗೇ ಸ್ವಲ್ಪ ಹೊತ್ತು ಇದ್ದೆ. ಅಳು ಬಂತು. ಅಷ್ಟಾದರೂ ಹೊಟ್ಟೆಯ ಒಲೆ ಆರಿರಲಿಲ್ಲ, ನಿಜ ಹೇಳಬೇಕಲ್ಲ. ಅಪ್ಪನ ಮಾತನ್ನು ಅವಳಿಗೆ ಹೇಳಿದ, ನನಗೆ ಹೇಳಲಿಲ್ಲ. ಹೇಳುವುದಕ್ಕೆ ನಾನೆಲ್ಲಿ ಬಿಟ್ಟಿದ್ದೆ? ಮೂರು ವರ್ಷ ಆ ಮುದುಕ ಮೆಕ್ಯಾನಿಕ್‌ನನ್ನು ಆಡಿಕೊಂಡು ನಕ್ಕಾಗಲೆಲ್ಲ ಪಕ್ಕದಲ್ಲಿ ಒಂದು ಕಿವಿ ಕೆಂಪಾಗುತ್ತಿತ್ತು, ನಾನು ಉಬ್ಬುತ್ತಿದ್ದೆ.

ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆ ವಾರ ಏಳನೆಯ ಭಾಗವನ್ನು ನಾಲ್ಕು ಸಲ ನೋಡಿದೆ. ಅತ್ತಿಗೆ ಎರಡನೆಯ ಸಲಕ್ಕೇ ಎದ್ದು ಹೋದಳು.

ಭಾನುವಾರ ಅವನು ಬಂದ. ಕ್ಯಾಪ್ಟನ್ ಮನೆಗೇ ಹೋಗಿ ಕರೆತಂದಿದ್ದರಂತೆ. ಮುಂದಿನ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಯಾರು? ಡಾಕ್ಟರ್! ನನ್ನ ಕೈಯ ಚೀಟಿ ಮುದುಡಿಹೋಯಿತು. ಬರೆದುಕೊಂಡದ್ದೆಲ್ಲ ಮರೆತಿತ್ತು.

“ಏಳನೇ ಭಾಗದಲ್ಲಿ ಇಂಧನ ಸಾಲೋದಿಲ್ಲ,” ಎಂದು ಶುರು ಮಾಡಿದೆ. “ಈಗಲೂ ಸಾಲೋದಿಲ್ಲ. ನಾಲ್ಕು ಸಲ ನೋಡಿದೀನಿ.”

ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು.

“ಆದ್ರೆ ನಾನು ಒಂದು ನೋಡಿರಲಿಲ್ಲ. ಹಡಗು ತಿರುಗಿಸೋಕೆ ಆಜ್ಞೆ ಬರೋ ಮುಂಚೆ ಆ ಹಡಗು ನಡೆಸೋಳ ಕೈ ತೋರಿಸ್ತಾರೆ, ಒಂದೇ ಕ್ಷಣ. ಆಗಲೇ ಅವಳು ತಿರುಗಿಸಿಬಿಟ್ಟಿರ್ತಾಳೆ. ಇಂಧನ ಸಾಲುತ್ತಾ ಅಂತ ಅವಳು ನೋಡೋದೇ ಆಮೇಲೆ. ನಾನು ಇಷ್ಟು ವರ್ಷ ಆ ಇಂಧನದ ಹಿಂದೆ ಬಿದ್ದಿದ್ದೆ, ಕೈ ನೋಡಿರಲಿಲ್ಲ. ಕನ್ನಡಕದಂಗಡಿಯೋಳು ನಾನು!”

ಸ್ಪ್ಯಾನರ್ ತಲೆಯೆತ್ತಿದ್ದ.

“ಅಲ್ಲಿ ಅವಳಿಗೆ ಆ ಮುದುಕ ಬದುಕಿದಾನೋ ಇಲ್ವೋ ಅನ್ನೋದೂ ಗೊತ್ತಿಲ್ಲ. ನಮ್ಮ ಮೆಕ್ಯಾನಿಕ್ ಎಲ್ಲಿದಾರೆ ಅಂತ ನನಗೆ ಗೊತ್ತಿತ್ತು. ಮೂರು ವರ್ಷ ಪಕ್ಕದಲ್ಲೇ ಕೂತಿದ್ರು. ಕಳೆದ ವಾರ ಅವರನ್ನ ಇಷ್ಟು ಜನರ ಮುಂದೆ ಬಿಟ್ಟು ಹೋದೆ ನಾನು. ಅಭಿಪ್ರಾಯ ಬದಲಿಸಿದ್ರು ಅಂತ ಅಲ್ಲ. ಹೊಟ್ಟೆಕಿಚ್ಚಿಗೆ. ಅವರು ಇನ್ನೊಬ್ಬರ ಮಾತಿಗೆ ನಾಚಿದ್ದು ನನಗೆ ತಡೆಯೋಕಾಗ್ಲಿಲ್ಲ. ಈಗಲೂ ಆಗ್ತಿಲ್ಲ. ಡಾಕ್ಟರೇ, ನೀವು ಒಂದು ಕುರ್ಚಿ ಆಚೆ ಕೂತ್ಕೋತೀರಾ, ದಯವಿಟ್ಟು?”

ಡಾಕ್ಟರ್ ಮೂವತ್ತೆರಡೂ ತೋರಿಸಿ ಎದ್ದು ಎರಡು ಕುರ್ಚಿ ಆಚೆ ಹೋದಳು.

“ಅಷ್ಟೇ,” ಎಂದೆ. “ತಪ್ಪಾಯ್ತು. ನಿಮ್ಮಪ್ಪ ಹೇಳಿದ್ದೇ ಸರಿ.”

“ಇನ್ನೂ ಆರು ನಿಮಿಷ ಇದೆ” ಎಂದರು ಕ್ಯಾಪ್ಟನ್, ಗಡಿಯಾರ ನೋಡಿ.

“ನನ್ನ ಹತ್ರ ಇದ್ದಿದ್ದು ಇಷ್ಟೇ.”

ಕ್ಯಾಪ್ಟನ್ ಸ್ಪ್ಯಾನರ್ ಕಡೆ ತಿರುಗಿದರು. “ಏನಪ್ಪಾ? ಒಪ್ತೀಯೋ ಇಲ್ವೋ?”

ಅವನು ಎದ್ದು ನಿಂತ. ಅಂಗಿಗೆ ಕೈ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ.

“ಒಂದು ಪ್ರಶ್ನೆ ಇದೆ. ಸುಳ್ಳು ಹೇಳೋ ಹಾಗಿಲ್ಲ ಅಲ್ವಾ? ಮೈನಸ್ ಅವರೇ, ನಿಜ ಹೇಳಿ. ನಾಲ್ಕು ಸಲ ನೋಡಿದ್ಮೇಲೆ ಏಳನೇದು ಇಷ್ಟ ಆಯ್ತಾ?”

ಇಡೀ ಮಹಡಿ ನನ್ನನ್ನೇ ನೋಡುತ್ತಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಮೂರು ವರ್ಷ ಪಕ್ಕದಲ್ಲಿ ಕೂತು ಅವನೊಬ್ಬ ಹೇಳಿದ ಸುಳ್ಳೇ ಸಾಕಾಗಿತ್ತು ನಮ್ಮಿಬ್ಬರಿಗೆ.

“ಇಲ್ಲ,” ಎಂದೆ. “ಆ ಕೈ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಕಸ.”

“ಮತ್ತೆ ನಾಲ್ಕು ಸಲ ಯಾಕೆ ನೋಡಿದ್ರಿ?”

“ನಿಮಗೆ ಇಷ್ಟ ಅಂತ. ನನಗೆ ನೀವು ಇಷ್ಟ ಅಂತ.”

ಅವನ ಕಿವಿಗಳೆರಡೂ ಕೆಂಪಾದವು. ಆಮೇಲೆ ನಕ್ಕ, ಪೂರ್ತಿ ಬಾಯಿಯಲ್ಲಿ.

“ಕ್ಯಾಪ್ಟನ್,” ಎಂದ, “ನಾನು ಒಪ್ಪೋದಿಲ್ಲ.”

ಹೊರಡಲೆಂದು ಮುದುಡಿದ ಚೀಟಿಯನ್ನು ಚೀಲಕ್ಕೆ ಸೇರಿಸಿದೆ.

“ಏಳನೇದು ಕಸ ಅಲ್ಲ. ಇವರನ್ನ ಒಂದು ವರ್ಷ ಹೊರಗೆ ಹಾಕಿ. ನಾನೂ ಜೊತೆಗೆ ಹೋಗ್ತೀನಿ. ಪ್ರತಿ ಭಾನುವಾರ ಹತ್ತಕ್ಕೆ ನಮ್ಮನೇಲಿ ಕೂರಿಸ್ಕೊಂಡು ಒಪ್ಪಿಸ್ತೀನಿ.”

“ಒಂದು ವರ್ಷದಲ್ಲಿ ನಾನು ಒಪ್ಪೋ ಪೈಕಿ ಅಲ್ಲ” ಎಂದೆ.

“ಗೊತ್ತು ಕಣ್ರೀ,” ಎಂದ ಅವನು. “ಅದಕ್ಕೇ ಕೇಳ್ತಿದೀನಿ. ಜೀವನಪೂರ್ತಿ ಜಗಳ ಆಡೋಣ್ವಾ?”