ಲೈನ್ ಕಟ್

ಎಂಜಿನ್ ನಿಂತುಹೋಯಿತು.

ಕೆಮ್ಮಲಿಲ್ಲ, ಜಗ್ಗಾಡಲಿಲ್ಲ. ಏರು ಹತ್ತುತ್ತಿದ್ದ ಜೀಪು ಹಳೇ ಕಣದ ತಿರುವಿನಲ್ಲಿ ಸುಮ್ಮನಾಗಿಬಿಟ್ಟಿತು.

ಎದುರಿಗೆ ಆನೆ!

ಒಂಟಿ ಸಲಗ. ಬೆನ್ನ ಮೇಲೆ ಕೆಂಪು ಮಣ್ಣು, ಸೊಂಡಿಲಲ್ಲಿ ಬೈನೆ ಮರದ ಗರಿ. ರಸ್ತೆಯ ನಡುವೆ ನಿಂತು ನಮ್ಮನ್ನೇ ನೋಡುತ್ತಿತ್ತು. ಮಧ್ಯೆ ಎರಡು ಬಸ್ಸು ನಿಲ್ಲುವಷ್ಟು ಜಾಗ... ಅಷ್ಟೇ.

ಸ್ಟಿಯರಿಂಗ್ ಹಿಡಿದಿದ್ದವನು ದಯಾನಂದ. ಆಲೂರು ಕಡೆಯ ಆ ಎಸ್ಟೇಟಿನ ಮ್ಯಾನೇಜರ್. ಪಕ್ಕದಲ್ಲಿ ನಾನು, ಚಂದ್ರಯ್ಯ. ಆನೇಮಹಲ್‌ನಲ್ಲಿ ಹೆದ್ದಾರಿ ಪಕ್ಕ ನನ್ನ ಶೆಡ್ ಇದೆ. ಗಾಡಿಗಳ ವೈರಿಂಗ್ ನನ್ನ ಕಸುಬು. ಕೋಪ ನನ್ನ ಹುಟ್ಟುಗುಣ.

ಅವನು ಸೆಲ್ಫ್ ಹೊಡೆದ. ಎಂಜಿನ್ ಗರಗರ ತಿರುಗಿತು, ಹತ್ತಲಿಲ್ಲ. ಮತ್ತೆ ಹೊಡೆದ. ಆನೆಯ ಕಿವಿಗಳು ಅಗಲವಾದವು.

ಅವನ ಕೈ ಇನ್ನೊಮ್ಮೆ ಕೀಲಿಗೆ ಹೋದಾಗ ನಾನು ಮಣಿಕಟ್ಟು ಹಿಡಿದೆ.

"ಸದ್ದು ಮಾಡ್ಬ್ಯಾಡಿ ಸಾಹೇಬ್ರೆ. ಅದುಕ್ಕೆ ಆಗಾಕಿಲ್ಲ."

"ಏನಾಗೈತೋ ಇದುಕ್ಕೆ? ನೀನೇ ಅಲ್ವಾ ನಿನ್ನೆ ರಿಪೇರಿ ಮಾಡಿದ್ದು?"

"ಹೂಂ. ನಾನೇ."

ಆ ಎರಡು ಮಾತು ಹೇಳುವಾಗ ನನಗೆ ಎಷ್ಟು ಸುಖವಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನದನ್ನು ಕೇಳಬೇಕು. ಆನೆ ಅಲ್ಲೇ ನಿಂತಿರಲಿ. ಅದಕ್ಕೇನೂ ಅವಸರವಿಲ್ಲ.

ಪ್ರವೀಣ್ ನನ್ನ ಹೆಂಡತಿ ಪುಷ್ಪಾಳ ತಮ್ಮ. ಅದೇ ಎಸ್ಟೇಟಿನ ಕಾರು ಓಡಿಸುತ್ತಿದ್ದ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನ, ಇದೇ ತಿರುವಿನಲ್ಲಿ, ಅವನ ಕಾರು ನಿಂತುಹೋಯಿತು. ಇಳಿದು ಬಾನೆಟ್ ಎತ್ತಿ ನೋಡುತ್ತಿದ್ದಾಗ ಇದೇ ಸಲಗ ಬಂತು. ಅವನನ್ನೂ ತುಳಿಯಿತು, ಕಾರಿನ ಮೂತಿಯನ್ನೂ ತುಳಿಯಿತು.

ದಯಾನಂದ ಎಲ್ಲರಿಗೂ ಒಂದೇ ಕತೆ ಹೇಳಿದ. ಹುಡುಗ ಕುಡಿದಿದ್ದ, ಗಾಡಿ ನಿಲ್ಲಿಸಿ ಆನೆ ಕೆಣಕಲು ಹೋದ, ಸತ್ತ. ಆ ಪುಂಡಾನೆಯನ್ನು ಹಿಡಿದು ಸಾಗಿಸಿ ಎಂದು ಫಾರೆಸ್ಟ್‌ನವರಿಗೆ ಅರ್ಜಿಯನ್ನೂ ಕೊಟ್ಟ. ಪ್ರವೀಣ್ ಬಾಯಿಗೆ ಹನಿ ಹೆಂಡ ಮುಟ್ಟಿಸಿದವನಲ್ಲ. ಆದರೂ ಆ ಕತೆ ಸಂತೆಗೆ ಹೋಯಿತು, ಬಸ್ ಸ್ಟ್ಯಾಂಡಿಗೆ ಹೋಯಿತು, ಕೊನೆಗೆ ನಮ್ಮ ಅಡುಗೆಮನೆಗೂ ಬಂತು. ಪುಷ್ಪಾ ಡೈರಿಗೆ ಹಾಲು ಹಾಕಲು ಹೋಗುವುದನ್ನೇ ಬಿಟ್ಟಳು. ಕುಡಿದು ಸತ್ತವನ ಅಕ್ಕ ಬಂದಳು ಅನ್ನುತ್ತಾರಂತೆ.

ನನಗೆ ಬೇಕಾಗಿದ್ದು ಎರಡೇ. ಪ್ರವೀಣನ ಹೆಸರಿಗೆ ಮೆತ್ತಿದ ಕೆಸರು ತೊಳೆಯಬೇಕು. ಮೆತ್ತಿದವನ ಸೊಂಟ ಮುರಿಯಬೇಕು.

ತಿಥಿಯ ದಿನ ಬಸಮ್ಮ ಬಂದಿದ್ದಳು. ಮ್ಯಾನೇಜರ್ ಬಂಗಲೆಯಲ್ಲಿ ಅಡುಗೆ ಮಾಡುವವಳು. ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಅದನ್ನು ನಾವು ಲೈನ್ ಅನ್ನುತ್ತೇವೆ, ಅವಳ ವಾಸ. ನನ್ನನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದಳು. ಎಸ್ಟೇಟಿನ ಕೆಳಬೇಲಿಗೆ ದಯಾನಂದ ಕಳ್ಳತನದಲ್ಲಿ ಕರೆಂಟ್ ಕೊಟ್ಟಿದ್ದನಂತೆ. ಒಂದು ಹೆಣ್ಣಾನೆ ಸತ್ತಿತಂತೆ. ಜೆಸಿಬಿ ತರಿಸಿ ಹೂಳಿಸಿದನಂತೆ. ಪ್ರವೀಣ್‌ಗೆ ಅದು ಗೊತ್ತಾಯಿತು. ಸಕಲೇಶಪುರಕ್ಕೆ ಹೋಗಿ ಫಾರೆಸ್ಟ್‌ನವರಿಗೆ ಹೇಳುತ್ತೇನೆಂದು ದಯಾನಂದನ ಮುಖಕ್ಕೇ ಅಂದು ಕಾರು ಹತ್ತಿದನಂತೆ.

ದಡ್ಡ! ಹೋಗಿ ಹೇಳಬೇಕಾದ್ದನ್ನು ಹೇಳಿ ಹೋದ!

ಬಸಮ್ಮ ಇನ್ನೊಂದು ಮಾತೂ ಹೇಳಿದಳು. ಕಾರು ಹೊರಟ ಮೇಲೆ ದಯಾನಂದ ಜಗಲಿಯಲ್ಲಿ ಕೂತು ಮೊಬೈಲ್ ನೋಡುತ್ತಲೇ ಇದ್ದ. ಆಮೇಲೆ ಏನೋ ಒತ್ತಿದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮ ಪಕ್ಕದಲ್ಲೇ ನಿಂತಿದ್ದ.

"'ಲೈನ್ ಕಟ್ ಮಾಡ್ಬುಟ್ಟೆ' ಅಂದ್ರು ಕಣಣ್ಣ, ಧರ್ಮನ ಕೈಲಿ. ನಮ್ ಲೈನ್ ಕರೆಂಟ್ ತೆಗುದ್ರು ಅಂತ ನಾನು ಓಡೋದೆ. ನೋಡುದ್ರೆ ಫ್ಯಾನು ತಿರುಗ್ತಾನೇ ಐತೆ."

ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಆಳುಗಳ ಮೇಲೆ ಸಿಟ್ಟು ಬಂದರೆ ಆ ದಯಾನಂದ ಮೊದಲು ಮಾಡುತ್ತಿದ್ದ ಕೆಲಸವೇ ಲೈನಿನ ಕರೆಂಟ್ ತೆಗೆಯುವುದು. ಆವತ್ತು ಯಾಕೋ ಮರೆತಿರಬೇಕು ಅಂದುಕೊಂಡೆ.

ಜಜ್ಜಿಹೋದ ಕಾರನ್ನು ನನ್ನ ಶೆಡ್ಡಿಗೆ ಎಳೆದು ತಂದವನು ನಾನೇ. ಒಂದು ದಿನ ದಯಾನಂದ ಅಲ್ಲಿಗೆ ಬಂದ. ಇದನ್ನು ಯಾಕೆ ಇಟ್ಟುಕೊಂಡಿದ್ದೀಯ, ನೋಡಿದರೆ ನಿನ್ನ ಹೆಂಡತಿಗೂ ಸಂಕಟ, ಗುಜರಿಗೆ ಹಾಕಿಬಿಡೋಣ ಎಂದ. ಮಾತು ಬೆಣ್ಣೆ. ಕಣ್ಣು ಮಾತ್ರ ಡ್ರೈವರ್ ಸೀಟಿನ ಕಡೆಗೇ ಹೋಗುತ್ತಿತ್ತು.

ಹೂಂ ಎಂದೆ. ಅವನ ಜೀಪು ಮರೆಯಾದ ಕೂಡಲೇ ಶೆಡ್ಡಿನ ಬಾಗಿಲು ಎಳೆದುಕೊಂಡೆ.

ಆನೆ ಯಾಕೆ ತುಳಿಯಿತು ಎಂದು ಎಲ್ಲರೂ ಕೇಳಿದ್ದರು. ಕಾರು ಯಾಕೆ ನಿಂತಿತು ಎಂದು ಯಾರೂ ಕೇಳಿರಲಿಲ್ಲ.

ಬೇರೆ ಬ್ಯಾಟರಿ ಕೊಟ್ಟೆ. ಕೀಲಿ ತಿರುಗಿಸಿ ಕಿವಿಗೊಟ್ಟೆ. ಕೀಲಿ ತಿರುಗಿದ ಕೂಡಲೇ ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗೆ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಒಮ್ಮೆ ಗುಂಯ್ ಎನ್ನಬೇಕು.

ಎನ್ನಲಿಲ್ಲ.

ಫ್ಯೂಸ್ ತೆಗೆದು ನೋಡಿದೆ. ಚೆನ್ನಾಗಿತ್ತು. ಪಂಪಿಗೆ ಕರೆಂಟ್ ಬಿಡುವ ರಿಲೇ ಕಿತ್ತು, ಆ ಜಾಗಕ್ಕೆ ಹಾರ್ನಿನ ರಿಲೇ ಚುಚ್ಚಿದೆ. ಟಕ್ ಎಂದಿತು. ಪಂಪ್ ಸುಮ್ಮನೆ. ಹಿಂದಿನ ಸೀಟು ಎತ್ತಿ ಪಂಪಿನ ಸಾಕೆಟ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಕೀಲಿ ತಿರುಗಿಸಿದರೂ ಬೆಳಗಲಿಲ್ಲ. ಅರ್ತ್ ವೈರ್ ಸರಿಯಿತ್ತು. ಬರಬೇಕಾದ ಕರೆಂಟೇ ಬರುತ್ತಿರಲಿಲ್ಲ. ಬ್ಯಾಟರಿಯಿಂದ ಪಂಪಿಗೆ ನೇರ ವೈರ್ ಕೊಟ್ಟೆ.

ಗುಂಯ್!

ಪಂಪ್ ಸರಿ. ರಿಲೇ ಸರಿ. ಹಾಗಾದರೆ ಕಳ್ಳ ಎರಡರ ನಡುವೆ ಕೂತಿದ್ದಾನೆ. ಮುಂದಿನಿಂದ ಹಿಂದಿನವರೆಗೆ ಹೋಗುವ ಲೈನಿನಲ್ಲಿ...

ಲೈನ್.

ಕೈಯಲ್ಲಿದ್ದ ಲ್ಯಾಂಪನ್ನು ಕೆಳಗಿಟ್ಟೆ. ದಿನವಿಡೀ ಲೈನ್ ಲೈನ್ ಎಂದು ಬಡಿದುಕೊಳ್ಳುವವನು ನಾನು! ಬಸಮ್ಮ ಹೇಳಿದ ಲೈನಿಗೆ ಫ್ಯಾನೂ ಇರಲಿಲ್ಲ, ಮನೆಯೂ ಇರಲಿಲ್ಲ.

ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಕಿತ್ತೆಸೆದೆ. ಪಂಪಿನ ವೈರನ್ನು ಕತ್ತರಿಸಿ, ನಡುವೆ ಒಂದು ಕಪ್ಪು ಡಬ್ಬಿ ಸೇರಿಸಿದ್ದರು. ಬೆಂಕಿಪೊಟ್ಟಣದಷ್ಟು. ಒಳಗೊಂದು ಸಿಮ್. ಗಾಡಿ ಎಲ್ಲಿದೆ ಎಂದು ಮೊಬೈಲಿಗೆ ತೋರಿಸುವ ಜಾತಿಯದು. ಗುಪ್ತ ಸಂಖ್ಯೆ ಹಾಕಿ ಅದಕ್ಕೊಂದು ಮೆಸೇಜ್ ಕಳಿಸಿದರೆ ಪಂಪಿನ ಲೈನ್ ಕಟ್. ಇನ್ನೊಂದು ಕಳಿಸಿದರೆ ಮತ್ತೆ ಚಾಲೂ. ಗಾಡಿ ಕಳ್ಳರಿಗೆಂದು ಮಾಡಿದ್ದು.

ಚಾಲೂ ಮಾಡುವ ಮೆಸೇಜನ್ನೂ ಅವನು ಆಮೇಲೆ ಕಳಿಸಿಯೇ ಇರುತ್ತಾನೆ, ಕುರುಹು ಉಳಿಯಬಾರದೆಂದು. ಆದರೆ ಅಷ್ಟರಲ್ಲಿ ಆನೆ ಬಾನೆಟ್ ಜಜ್ಜಿ ಬ್ಯಾಟರಿಯನ್ನೇ ಕಿತ್ತೆಸೆದಿತ್ತು. ಮೆಸೇಜ್ ಬರುವ ಹೊತ್ತಿಗೆ ಡಬ್ಬಿ ಸತ್ತಿತ್ತು. ದಿನಗಟ್ಟಲೆ ಮುಟ್ಟದ ಆ ಮೆಸೇಜೂ ಆಮೇಲೆ ರದ್ದಾಗಿತ್ತು. ಸಾಯುವಾಗ ಹೇಗಿತ್ತೋ ಹಾಗೇ, ಲೈನ್ ಕಟ್ ಮಾಡಿಕೊಂಡೇ ಕೂತಿತ್ತು.

ಸಾಕ್ಷಿಯನ್ನು ಕಾಪಾಡಿದ್ದು ಆನೆ!

ಆನೆ ಎಲ್ಲಿದೆಯೆಂದು ಫಾರೆಸ್ಟ್‌ನವರ ಮೆಸೇಜ್ ನಮ್ಮ ಕಡೆ ಎಲ್ಲರ ಮೊಬೈಲಿಗೂ ಬರುತ್ತದೆ. ಜೀವ ಉಳಿಯಲಿ ಎಂದು ಕಳಿಸುವುದು. ದಯಾನಂದ ಅದನ್ನು ಓದಿದ. ಕಾರು ಎಲ್ಲಿದೆಯೆಂದು ನೋಡಿದ. ಎರಡೂ ಒಂದೇ ತಿರುವಿಗೆ ಬಂದಾಗ ಒತ್ತಿದ.

ಸ್ಪ್ಯಾನರ್ ಎತ್ತಿಕೊಂಡು ಹೆದ್ದಾರಿಯವರೆಗೂ ಹೋದೆ. ಅಲ್ಲಿಂದ ವಾಪಸು ಬಂದೆ. ಡಬ್ಬಿ ತೋರಿಸಿದರೆ ನೀನೇ ಇಟ್ಟೆ ಅನ್ನುತ್ತಾನೆ. ಗುಪ್ತ ಸಂಖ್ಯೆ ಗೊತ್ತಿರುವುದು ಅವನೊಬ್ಬನಿಗೆ. ಅದನ್ನು ಅವನ ಕೈಯಿಂದಲೇ ಹೊರಡಿಸಬೇಕು.

ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಅವನ ಪೆಟ್ರೋಲ್ ಜೀಪು ನನ್ನ ಶೆಡ್ಡಿಗೇ ಬಂತು. ಕೊಂದವನ ಧೈರ್ಯ ನೋಡಿ! ಚಾರ್ಜ್ ಸರಿಮಾಡಿದೆ. ಜೊತೆಗೆ ಆ ಕಪ್ಪು ಡಬ್ಬಿಯನ್ನು ಜೀಪಿನ ಪಂಪ್ ಲೈನಿಗೆ ಸೇರಿಸಿದೆ. ಡಬ್ಬಿಯನ್ನು ದಾಟಿ ಹೋಗುವಂತೆ ಒಂದು ಅಡ್ಡ ವೈರ್ ಎಳೆದು, ಪಕ್ಕದ ಸೀಟಿನ ಕೆಳಗೆ ಅದಕ್ಕೊಂದು ಸ್ವಿಚ್ ಇಟ್ಟೆ. ಸ್ವಿಚ್ ಹಾಕಿದ್ದರೆ ಜೀಪು ಓಡುತ್ತದೆ. ತೆಗೆದರೆ ಡಬ್ಬಿಯ ರಾಜ್ಯ.

ಮಾರನೇ ದಿನ ಮಧ್ಯಾಹ್ನ ಫಾರೆಸ್ಟ್ ಮೆಸೇಜ್ ಬಂತು. ಹಳೇ ಕಣದ ತಿರುವು, ಒಂಟಿ ಸಲಗ. ಅದೇ ಹೊತ್ತಿಗೆ ದಯಾನಂದ ಜೀಪು ಒಯ್ಯಲು ಬಂದ. ಏರಿನಲ್ಲಿ ಒಮ್ಮೆ ಓಡಿಸಿ ನೋಡಬೇಕು, ನಾನೂ ಬರುತ್ತೇನೆ ಎಂದೆ. ಅವನು ಮೊಬೈಲ್ ಮುಟ್ಟದ ಹಾಗೆ ದಾರಿಯುದ್ದಕ್ಕೂ ಮಾತಾಡಿಸಿದೆ. ಮೆಣಸಿನ ಬಳ್ಳಿ, ಕಾಫಿಯ ಹೂಮಳೆ, ಅವನ ಮಗಳ ಮದುವೆ.

ತಿರುವು ಬಂತು. ಸ್ವಿಚ್ ತೆಗೆದೆ.

ಈಗ ಆನೆಯ ಹತ್ತಿರ ವಾಪಸು ಬನ್ನಿ.

"ಪ್ರವೀಣನ್ ಕಾರೂ ಹಿಂಗೇ ನಿಂತಿದ್ದು," ಎಂದೆ.

ಅವನು ನಿಧಾನವಾಗಿ ಕತ್ತು ತಿರುಗಿಸಿದ. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಅವನ ಸೀಟಿನ ಕೆಳಗಿರುವುದು ಅದೇ ಡಬ್ಬಿ, ಅದೇ ಸಿಮ್. ಇನ್ನೂ ಕಟ್ ಆಗಿಯೇ ಇದೆ. ನನ್ನ ಸ್ವಿಚ್ಚಿನ ಸುದ್ದಿ ಮಾತ್ರ ಎತ್ತಲಿಲ್ಲ. ಯಾವ ಡಬ್ಬಿ, ಯಾವ ಸಿಮ್, ತನಗೇನೂ ಗೊತ್ತಿಲ್ಲ ಎಂದ. ಗೊತ್ತಿಲ್ಲದಿದ್ದರೆ ಇಬ್ಬರೂ ಇಲ್ಲೇ ಕೂತಿರೋಣ ಎಂದೆ.

ಸಲಗ ಬೈನೆ ಗರಿಯನ್ನು ಕೆಳಗೆ ಹಾಕಿತು. ಒಂದು ಹೆಜ್ಜೆ ಮುಂದಿಟ್ಟಿತು.

"ನೀನೂ ಸಾಯ್ತೀಯ ಕಣೋ ಚಂದ್ರಯ್ಯ."

"ಸಾಯ್ತೀನಿ ಬುಡು. ನಿನ್ ಜೊತೇಲಿ ತಾನೆ?"

ಅಲ್ಲಿಯವರೆಗೆ ಅವನಿಗೆ ಬಹುವಚನ ಕೊಡುತ್ತಿದ್ದೆ. ಅದೂ ಕಟ್ ಆಯಿತು.

ಅವನು ಬಾಗಿಲಿಗೆ ಕೈ ಹಾಕಿದ. ಓಡುವುದಾದರೆ ಓಡು, ಪ್ರವೀಣ್ ನಿನ್ನ ಅರ್ಧ ವಯಸ್ಸಿನವನು, ಅವನ ಕೈಲೇ ಆಗಲಿಲ್ಲ ಎಂದೆ. ಕೈ ವಾಪಸು ಬಂತು.

ಸಲಗ ಸೊಂಡಿಲೆತ್ತಿ ಘೀಳಿಟ್ಟಿತು. ನುಗ್ಗಿತು! ನೆಲ ಅದುರಿತು. ಅರ್ಧ ದಾರಿಗೆ ಬಂದು ಗಕ್ಕನೆ ನಿಂತಿತು. ಧೂಳು ಗಾಜಿಗೆ ಬಡಿಯಿತು. ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಹಾಕಲಿಲ್ಲ.

ದಯಾನಂದ ಮೊಬೈಲ್ ಈಚೆಗೆ ತೆಗೆದ.

ಒಮ್ಮೆ ತಪ್ಪು ಒತ್ತಿದ. ಅಳಿಸಿದ. ಮತ್ತೆ ಒತ್ತಿದ. ಕಳಿಸಿದ. ಆ ತಿರುವಿನಲ್ಲಿ ಟವರ್ ಚೆನ್ನಾಗಿ ಸಿಗುತ್ತದೆ. ಇಲ್ಲದಿದ್ದರೆ ಆವತ್ತು ಅವನ ಮೆಸೇಜ್ ಪ್ರವೀಣನ ಕಾರಿಗೆ ಮುಟ್ಟುತ್ತಿತ್ತೇ!

ಸೀಟಿನ ಕೆಳಗೆ ಟಕ್ ಎಂದಿತು.

ನಾನು ಕೈ ಚಾಚಿ ಕೀಲಿಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಿರುಗಿಸಿದೆ.

ಗುಂಯ್...

ಅದಕ್ಕಿಂತ ಇಂಪಾದ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಬಾಯಿ ಒಪ್ಪದ್ದನ್ನು ಬೆರಳು ಒಪ್ಪಿತ್ತು. ಮೊಬೈಲ್ ಕಿತ್ತುಕೊಂಡೆ. ಪ್ರವೀಣ್ ಸತ್ತ ದಿನ ಕಳಿಸಿದ ಮೆಸೇಜ್ ಈಗಿನದರ ಮೇಲೆಯೇ ಕೂತಿತ್ತು. ಅಳಿಸುವಷ್ಟು ಭಯವೂ ಇರಲಿಲ್ಲ ಬಡ್ಡೀಮಗನಿಗೆ! ಕೀಲಿಯನ್ನೂ ಕಿತ್ತೆ.

"ಇಳಿ. ಬಾನೆಟ್ ಹತ್ರ ನಿಂತ್ಕೊ. ಅವನು ನಿಂತಂಗೇ."

ಅವನು ಕೈ ಮುಗಿದ. ಮಗಳಿದ್ದಾಳೆ ಎಂದ. ಪುಷ್ಪಾಳಿಗೂ ತಮ್ಮನಿದ್ದ ಎಂದು ಅವನನ್ನು ಹೊರಗೆ ನೂಕಿದೆ. ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತ. ಪ್ಯಾಂಟು ಒದ್ದೆಯಾಗುತ್ತಿತ್ತು. ನಾನು ಸ್ಟಿಯರಿಂಗ್ ಹಿಂದೆ ಕೂತೆ. ಎಂಜಿನ್ ಹತ್ತಿತು. ರಿವರ್ಸ್ ಗೇರ್ ಬಿತ್ತು. ಕ್ಲಚ್ ಬಿಟ್ಟರೆ ಸಾಕಿತ್ತು.

ಆನೆ ಅವನನ್ನು ನೋಡುತ್ತಿತ್ತು. ನಾನು ಆನೆಯನ್ನು ನೋಡುತ್ತಿದ್ದೆ.

ಕೊನೆಗೆ ಬೈದು ಒಳಗೆ ಹತ್ತಿಸಿಕೊಂಡೆ. ಹಿಂದಕ್ಕೇ ಓಡಿಸಿ, ಕೆಳಗೆ ಅಗಲ ಜಾಗದಲ್ಲಿ ತಿರುಗಿಸಿ, ನೇರ ಪೊಲೀಸ್ ಸ್ಟೇಷನ್ನಿಗೆ ಬಂದೆ. ಧರ್ಮನನ್ನು ಕರೆಸಿದರು. ಕಟ್ ಮಾಡಿದ್ದು ಯಾವ ಲೈನ್ ಎಂದು ಕೇಳಿದರು. ಅಷ್ಟಕ್ಕೇ ಬಾಯಿ ಬಿಟ್ಟ. ಡಬ್ಬಿ ಕೂರಿಸಿದವನು ಅವನೇ. ಹೂತ ಹೆಣ್ಣಾನೆಯೂ ಮೇಲೆ ಬಂತು. ಪುಷ್ಪಾ ಹಾಲಿನ ಕ್ಯಾನ್ ಎತ್ತಿಕೊಂಡು ಡೈರಿಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಹೋಗಿತ್ತು.

ಒಂದು ಮಾತು ಬಾಕಿ. ಸ್ಟೇಷನ್ ಮೆಟ್ಟಿಲ ಮೇಲೆ ದಯಾನಂದ ನನ್ನನ್ನು ಕೇಳಿದ್ದ, ಅಲ್ಲೇ ಬಿಟ್ಟು ಬರಬಹುದಿತ್ತಲ್ಲ, ಯಾಕೆ ಬಿಡಲಿಲ್ಲ ಎಂದು.

"ಆ ಆನೆ ಮ್ಯಾಲೆ ಆಗ್ಲೇ ಒಂದ್ ಸುಳ್ಳು ಕೇಸ್ ಐತೆ ಕಣೋ," ಎಂದೆ. "ಇನ್ನೊಂದ್ ಯಾಕೆ?"