ಅಣ್ಣನ ಎತ್ತರ

"ಈ ಸೀಟು ಇಳಿಸಿದ್ದು ಯಾರು?"

ವಿಶ್ವವಿದ್ಯಾಲಯದ ಸೈಕಲ್ ಶೆಡ್ಡಿನಲ್ಲಿ ಅವಳ ದನಿ ನಡುಗಿತು. ಪಂಕ್ಚರ್ ಹಾಕಿಸಲು ಬೆಳಿಗ್ಗೆ ಬಿಟ್ಟುಹೋಗಿದ್ದ ಸೈಕಲ್ಲು ಈಗ ಗಿಡ್ಡವಾಗಿ ನಿಂತಿತ್ತು.

"ನಾನೇ," ಎಂದ ಅವನು, ಗ್ರೀಸ್ ಕೈ ಒರೆಸಿಕೊಳ್ಳುತ್ತ. ಅವನೂ ಅಲ್ಲಿನ ವಿದ್ಯಾರ್ಥಿಯೇ. ಕ್ಲಾಸಿಲ್ಲದಾಗ ಎಲ್ಲರ ಸೈಕಲ್ ರಿಪೇರಿ ಮಾಡುತ್ತಿದ್ದ. "ನಿಮ್ಮ ಕಾಲು ನೆಲಕ್ಕೆ ಎಟುಕ್ತಿರ್ಲಿಲ್ಲ. ಗೇಟಿನ ಹತ್ರ ಬಿದ್ರಲ್ಲ... ನೋಡಿದ್ದೆ."

ದಿನಾ ಅವಳ ದಾರಿ ಕಾಯುತ್ತಿದ್ದುದನ್ನು ಮಾತ್ರ ಹೇಳಲಿಲ್ಲ. ಒಳ್ಳೆಯದು ಮಾಡುವ ಉಮೇದು ಬಂದವರಿಗೆ ಕೇಳಿ ಮಾಡುವ ತಾಳ್ಮೆ ಎಲ್ಲಿರುತ್ತದೆ ಹೇಳಿ!

"ಅದು ನಮ್ಮಣ್ಣನ ಸೈಕಲ್ಲು. ಅವನು ಇಟ್ಕೊಂಡಿದ್ದ ಎತ್ತರ ಅದು. ಅವನು... ಈಗಿಲ್ಲ."

ಅವನು ಗಡಿಬಿಡಿಯಲ್ಲಿ ಸ್ಪ್ಯಾನರ್ ಹಿಡಿದು ಸೀಟು ಎತ್ತಲು ಹೋದ.

"ಎಷ್ಟಿತ್ತು ಅಂತ ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಅವಳು ಸೈಕಲ್ಲನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅಣ್ಣನ ಬಟ್ಟೆಬರೆಯನ್ನೆಲ್ಲ ನೋಡಲಾರದೆ ಅಮ್ಮ ಯಾರಿಗೋ ಕೊಟ್ಟುಬಿಟ್ಟಿದ್ದರು. ಅವನು ಕೈಯಾರೆ ಮಾಡಿಟ್ಟದ್ದರಲ್ಲಿ ಹಾಗೇ ಉಳಿದದ್ದು ಆ ಸೀಟಿನ ಎತ್ತರವೊಂದೇ. ಈಗ ಅದೂ ಹೋಯಿತಲ್ಲ... ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡು ಅವಳು ದಿನಾ ಅಳು ನುಂಗಿದಳು.

ಒಂದು ಸಂಜೆ ಅವನು ಆ ಸೈಕಲ್ಲನ್ನು ಬಸ್ ಸ್ಟಾಪಿಗೇ ತಳ್ಳಿಕೊಂಡು ಬಂದ. ಮುಖ ಸೊರಗಿತ್ತು.

"ಬೈಯೋದಿದ್ರೆ ಆಮೇಲೆ ಬೈರಿ. ಮೊದ್ಲು ಇಲ್ಲಿ ನೋಡಿ..."

ಸೀಟನ್ನು ಮೇಲೆಳೆದು ತೋರಿಸಿದ. ಅದರ ಕೆಳಗಿನ ಕಂಬಿ ಎರಡು ಬಣ್ಣವಾಗಿತ್ತು. ವರ್ಷಗಟ್ಟಲೆ ಹೊರಗಿದ್ದ ಭಾಗ ಬಿಸಿಲು ಮಳೆಗೆ ಮಂಕಾಗಿತ್ತು. ಸೈಕಲ್ಲಿನ ಕೊಳವೆಯೊಳಗಿದ್ದ ಭಾಗ ಇನ್ನೂ ಹೊಳೆಯುತ್ತಿತ್ತು. ನಡುವೆ ತೆಳ್ಳನೆಯ ಒಂದು ಗೆರೆ.

"ನಿಮ್ಮಣ್ಣ ಇಟ್ಟಿದ್ದು ಸರಿಯಾಗಿ ಇಲ್ಲಿಗೆ. ಅವತ್ತು ಗಾಬರೀಲಿ ನನ್ನ ಕಣ್ಣಿಗೆ ಬೀಳ್ಲಿಲ್ಲ."

ಗೆರೆಯ ಮಟ್ಟಕ್ಕೆ ಸೀಟು ಕೂರಿಸಿದ. ಅವಳು ಅದರ ಮೇಲೆ ಕೈಯಿಟ್ಟಳು. ಇದೇ, ಇಷ್ಟೇ ಎತ್ತರ! ತಡೆದಿದ್ದ ಅಳು ಕಟ್ಟೆಯೊಡೆಯಿತು. ಬಸ್ಸು ಬಂತು, ಹೋಯಿತು. ಅವನು ಸೈಕಲ್ಲು ಬೀಳದಂತೆ ಹಿಡಿದು ನಿಂತಿದ್ದ.

"ಇಳಿಸಿ," ಎಂದಳು ಕೊನೆಗೆ. "ನನ್ನ ಕಾಲು ನೆಲಕ್ಕೆ ಸಿಗೋ ಹಾಗೆ. ಬಿದ್ದೂ ಬಿದ್ದೂ ಸಾಕಾಗಿದೆ... ಅಣ್ಣ ನೋಡಿದ್ರೆ ಬೈತಿದ್ದ."

"ಗೆರೆ ಒಳಗೆ ಹೋಗುತ್ತೆ."

"ಹೋಗ್ಲಿ. ಇದೆ ಅಂತ ಗೊತ್ತಲ್ಲ."

ಸೀಟು ಬಿಗಿ ಮಾಡಿ, ತಲೆ ತಗ್ಗಿಸಿಯೇ ಅವನು ಹೇಳಿದ: "ನೀವಂದ್ರೆ ನನಗೆ ತುಂಬಾ ಇಷ್ಟ. ನಾಳೆಯಿಂದ ನಾನೂ ನಿಮ್ಮ ಪಕ್ಕದಲ್ಲಿ ಸೈಕಲ್ ತುಳ್ಕೊಂಡು ಬರ್ಲಾ?"

ಅವಳು ಕಣ್ಣೊರೆಸಿಕೊಂಡಳು.

"ದಾರೀಲಿ ಅಳು ಬಂದ್ರೆ ನಾನು ನಿಂತುಬಿಡ್ತೀನಿ."

"ನಾನೂ ನಿಲ್ತೀನಿ."