ಹೊಸಿಲಿಗೆ ಯಾವ ಕಾಲು

ಕೊಂಬೈ ಊರಿನ ಹಿರಿಯರು ಆ ಬೆಳಿಗ್ಗೆ ತೀರ್ಮಾನಿಸಬೇಕಿದ್ದ ವಿಷಯ ಸಾಮಾನ್ಯದ್ದಲ್ಲ: ದಿಂಡಿಗಲ್ಲಿನ ಆಸ್ಪತ್ರೆಯ ಹೊಸಿಲನ್ನು ಪಾಂಡಿ ಯಾವ ಕಾಲಿಟ್ಟು ದಾಟಬೇಕು? ಬಲಗಾಲು ಮುರಿದಿತ್ತು, ಎಡಗಾಲು ಅಪಶಕುನ. ವೀಳ್ಯದ ತಟ್ಟೆ ಬರಿದಾಗುವ ಹೊತ್ತಿಗೆ, ಹೊತ್ತುಕೊಂಡೇ ಹೋಗುವುದೆಂದು ಇತ್ಯರ್ಥವಾಯಿತು.

ಪಾಂಡಿ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಹೋರಿಯೊಂದು ಅವನನ್ನು ಬಂಡೆಗೆ ಒತ್ತಿ ಮುರಿದ ಮೂಳೆ, ಊರ ವೈದ್ಯನ ಬಿದಿರು ದಬ್ಬೆಗೂ ಮೊಟ್ಟೆಯ ಲೋಳೆಗೂ ಜಗ್ಗದೆ ಎರಡಾಗಿಯೇ ಉಳಿದಿತ್ತು. ಕಣ್ಣು ಮಾತ್ರ ಚೆನ್ನಾಗಿತ್ತು. ದಿಂಡಿಗಲ್ಲಿನ ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಅದು ದೈವಾನೈಯ ಕಡೆಗೇ ಹೊರಳುತ್ತಿತ್ತು. ಅವಳು ಸೋದರಮಾವನ ಮಗಳು; ತೊಟ್ಟಿಲಲ್ಲೇ ಅವನಿಗೆಂದು ಗೊತ್ತಾದವಳು.

“ಅಂಗ್ ನೋಡಬ್ಯಾಡ ಬಾವ. ಅತ್ತೆ ಎಚ್ರವಾಗವ್ರೆ.”

“ನೋವು ಪುಳ್ಳೆ, ನೋವು,” ಎಂದ ಪಾಂಡಿ, ಹುಡುಗಿಯ ಮೇಲಿನ ಕಣ್ಣು ತೆಗೆಯದೆ.

ಆಸ್ಪತ್ರೆಯಲ್ಲಿ ಬಿಳಿಯ ಡಾಕ್ಟರು ದೊರೆ ಒತ್ತಿದಾಗ ಕಾಲು ಮಡಿಯಬಾರದ ಕಡೆ ಮಡಿಯಿತು. ಸಂದಿನಲ್ಲಿ ಹಸಿ ಮೂಳೆಯ ಚೂರಿಟ್ಟು ಕಟ್ಟಬೇಕು, ಕರುವಿನದಾದರೂ ಆದೀತು. ಇಲ್ಲವಾದರೆ ಕಾಲು ಕಡಿಯಬೇಕು. ದೊರೆಯ ಈ ಮಾತನ್ನು ಕಾಂಪೌಂಡರ್ ಬದನೆಕಾಯಿ ಹೆಚ್ಚುವುದನ್ನು ವಿವರಿಸುವವನ ಹಾಗೆ ತಮಿಳಿನಲ್ಲಿ ಹೇಳಿದ.

“ಕರು ಎಲುಬು ಇಕ್ಕಂಡು ಸಾಮಿ ದನದ ಮುಂದೆ ಎಂಗೆ ನಿಲ್ಲಲಿ?” ಎಂದ ಪಾಂಡಿ. “ಕಾಲೇ ಕಡೀಲಿ.” ಆಮೇಲೆ ಅವಳತ್ತ ನೋಡದೆ, “ನೀ ಮದ್ವೆಗೆ ಬ್ಯಾರೆ ಮಾಪ್ಳೆ ನೋಡ್ಕ.”

ಅವನ ತಾಯಿ ಗೋವಿಂದಮ್ಮಾಳ್ ಮಗನ ಮುರಿದ ಕಾಲನ್ನು ಸೆರಗಿನಿಂದ ಮುಚ್ಚಿದಳು. ಅದನ್ನು ಕಂಡು ದೈವಾನೈ ಹೆದರಿದಳು. ಅತ್ತೆಯ ಎದುರಿಗೇ ಸೀರೆಯನ್ನು ಗೇಣುದ್ದ ಎತ್ತಿ ಕಾಲು ಮುಂದೆ ಚಾಚಿದಳು.

“ಇದ್ರಲ್ಲಿ ತಕ್ಕಳ್ಳಿ.”

ಅದು ತಿಳಿಯಲು ದೊರೆಗೆ ಕಾಂಪೌಂಡರ್ ಬೇಕಾಗಲಿಲ್ಲ. ಬೇಡವೆಂದು ತಲೆಯಾಡಿಸಿ ಪಾಂಡಿಯ ಎಡ ಮೊಣಕಾಲ ಕೆಳಗೆ ಬೆರಳಿಂದ ತಟ್ಟಿದರು. ಅವನದೇ ಮೂಳೆ ಅವನಿಗೆ. ಆದರೆ ಕೀವಾದರೆ ಎರಡೂ ಕಾಲು ಹೋದಾವು, ಜೀವವೂ ಹೋದೀತು.

“ಅವ್ಳ ಕಾಲ್ ಮುಟ್ಟಬ್ಯಾಡಿ,” ಎಂದ ಪಾಂಡಿ. “ನಂದೇ ತಗೀರಿ.”

ಮುಚ್ಚಿದ ಬಾಗಿಲಿನ ಸಂದಿಯಿಂದ ಕ್ಲೋರೋಫಾರಮ್ಮಿನ ಸಿಹಿ ವಾಸನೆ ಬಂತು. ಗರಗಸದ ಸದ್ದೂ ಬಂತು. ಅದು ನಿಂತಾಗ ದೈವಾನೈಗೆ ಇನ್ನೂ ಹೆದರಿಕೆಯಾಯಿತು.

ಆಮೇಲೆ ಜ್ವರ. ಅವಳು ದಿನಾ ಬೆಳಿಗ್ಗೆ ಎರಡೂ ಕಾಲಿನ ಪಟ್ಟಿಗೆ ಮೂಗಿಟ್ಟು, ಕೆಟ್ಟ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ಉಸಿರು ಬಿಡುತ್ತಿದ್ದಳು. ಕೊನೆಗೊಂದು ದಿನ ಮೇಲಿಂದ ಸಣ್ಣ ದನಿ ಕೇಳಿತು:

“ಕಾಲನ್ನೇ ಮೂಸ್ತೀಯಲ್ಲ ಪುಳ್ಳೆ. ಮುಖ ಈ ಕಡೆ ಐತೆ.”

“ಮುಖ ಎಲ್ಗೂ ಓಗಲ್ಲ ಬಾವ,” ಎಂದಳು. ಮತ್ತೆ ಪಟ್ಟಿಗೇ ಬಾಗಿದಳು, ಕಣ್ಣೀರು ಕಾಣಬಾರದೆಂದು.

ಮೂಳೆ ಕೂಡಿತು. ಪೊಂಗಲಿನ ತೈ ತಿಂಗಳಲ್ಲಿ ಮದುವೆಯಾಯಿತು. ಪಾಂಡಿ ಬಲಗಾಲಿಟ್ಟು ಮನೆಯ ಹೊಸಿಲು ದಾಟಿದ.